ಸೊಪ್ಪು ಬಲ್ಲ ಕೈಗಳು

ಹುಣಸೂರಿನ ತಂಬಾಕು ಹರಾಜು ಮಾರುಕಟ್ಟೆಯ ಬಾಗಿಲು ದಾಟಿದ ಕೂಡಲೇ ಮೂಗಿಗೆ ಬರುವುದು ಸಿಹಿ ಘಮ. ಒಣಹುಲ್ಲು, ಹಳೆ ಬೆಲ್ಲ, ಸ್ವಲ್ಪ ಮಣ್ಣು. ಟನ್ನುಗಟ್ಟಲೆ ಹೊಗೆಸೊಪ್ಪು ಬಿದ್ದಿರುವ ಜಾಗದಲ್ಲಿ ಹೊಗೆ ಮಾತ್ರ ಇಲ್ಲ. ಅಲ್ಲಿ ಬೆಂಕಿಕಡ್ಡಿ ಗೀರುವ ಧೈರ್ಯ ಯಾರೂ ಮಾಡುವುದಿಲ್ಲ. ಎತ್ತರದ ಮಾಡಿನ ಕೆಳಗೆ ಗೋಣಿತಾಟಿನಲ್ಲಿ ಬಿಗಿದ ಬೇಲುಗಳು ಸಾಲುಸಾಲಾಗಿ ಕೂತಿವೆ. ಒಂದೊಂದರ ಬಾಯಿಯೂ ಬಿಚ್ಚಿದೆ, ಒಂದೊಂದರ ಮೇಲೂ ಒಂದು ಚೀಟಿ. ಕಂಪನಿಗಳ ಖರೀದಿದಾರರು ಸಾಲಿನುದ್ದಕ್ಕೂ ನಡೆದು ಬರುತ್ತಾರೆ. ಒಬ್ಬರು ಬಗ್ಗಿ, ಮೇಲಿನ ಪದರ ಸರಿಸಿ, ಬೇಲಿನ ಹೊಟ್ಟೆಯೊಳಗಿಂದ ನಾಲ್ಕು ಎಲೆ ಎಳೆಯುತ್ತಾರೆ. ಬೆಳಕಿಗೆ ಹಿಡಿಯುತ್ತಾರೆ, ಹೆಬ್ಬೆರಳಿನಿಂದ ಉಜ್ಜುತ್ತಾರೆ, ಮುಷ್ಟಿಯಲ್ಲಿ ಹಿಸುಕಿ ಬಿಡುತ್ತಾರೆ, ಮೂಗಿನ ಹತ್ತಿರ ತರುತ್ತಾರೆ. ಕೈಯಲ್ಲಿರುವ ಪುಟ್ಟ ಯಂತ್ರದಲ್ಲಿ ಒಂದು ಅಂಕಿ ಒತ್ತಿ ಮುಂದಿನ ಬೇಲಿಗೆ ಹೋಗುತ್ತಾರೆ. ಮುಂಗಾರಿಗೆ ಮುಂಚಿನ ಮಳೆಯಲ್ಲಿ ನೆಟ್ಟ ಪೈರಿನ ಹಣೆಬರಹ ಅಷ್ಟು ಹೊತ್ತಿನಲ್ಲಿ ತೀರ್ಮಾನವಾಗಿರುತ್ತದೆ.

ನಾನು ಕೋಲಾರ ತಾಲ್ಲೂಕಿನ ಹುತ್ತೂರು ಕಡೆಯವನು. ಕೈಯಿಂದ ಮಾಲು ಅಳೆಯುವುದು ನಮಗೆ ಹೊಸದಲ್ಲ. ಕೋಲಾರದ ಟೊಮೆಟೊ ಮಂಡಿಯಲ್ಲಿ ಕ್ರೇಟಿನ ತಳದ ಹಣ್ಣು ಮುಟ್ಟದೆ ಯಾರೂ ಬೆಲೆ ಕೂಗುವುದಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡನ್ನು ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ತೊಟ್ಟಿನ ಬುಡಕ್ಕೆ ಮೂಗು ಇಡುತ್ತಾರೆ. ಹೊಗೆಸೊಪ್ಪು ಮಾತ್ರ ನಮ್ಮ ಕಡೆ ಬೆಳೆಯಾಗಿ ಕಂಡದ್ದಕ್ಕಿಂತ ಸಂತೆಯ ಸರಕಾಗಿ ಕಂಡದ್ದೇ ಹೆಚ್ಚು. ಆಂಧ್ರದ ಗಡಿಗೆ ಹತ್ತಿದ ಊರುಗಳ ಹಳಬರು ತಾವೇ ಚುಟ್ಟ ಸುತ್ತಿಕೊಳ್ಳುತ್ತಿದ್ದರು. ಸಂತೆಯಲ್ಲಿ ಸೊಪ್ಪಿನ ಕಟ್ಟನ್ನು ಬಿಡಿಸಿ, ಒಂದು ಚೂರು ಹರಿದು ಮೂಸಿ, ಇನ್ನೊಂದು ಚೂರನ್ನು ನಾಲಿಗೆಯ ಮೇಲಿಟ್ಟು, ಉಗಿದು, ಆಮೇಲೆ ಬೆಲೆ ಕೇಳುತ್ತಿದ್ದರು. ಹಚ್ಚಿದ ಮೇಲೆ ಚುಟ್ಟ ಒಂದು ಪಕ್ಕಕ್ಕೇ ಉರಿಯಿತೋ, ಬೂದಿ ಕಪ್ಪಾಯಿತೋ, ಮುಂದಿನ ಸಂತೆಗೆ ಆ ಅಂಗಡಿಯ ಮುಂದೆ ನಿಲ್ಲುತ್ತಿರಲಿಲ್ಲ. ದುಬಾರಿ ಸಿಗಾರುಗಳನ್ನು ಸವಿದು ಅಂಕ ಕೊಡುವ ಜನ ಪ್ರಪಂಚದ ದೊಡ್ಡ ಊರುಗಳಲ್ಲಿದ್ದಾರೆ. ಅವರು ಬರೆದಿಡುವುದೂ ಹೆಚ್ಚುಕಡಿಮೆ ಇದನ್ನೇ. ಉರಿ ಸಮನಾಗಿದೆಯೇ, ಎಳೆತ ಸಲೀಸೇ, ಬೂದಿ ನಿಲ್ಲುತ್ತದೆಯೇ, ಬಾಯಲ್ಲಿ ಕೊನೆಗೆ ಏನು ಉಳಿಯುತ್ತದೆ. ನಮ್ಮ ರಾಜ್ಯದಲ್ಲಿ ಎಲೆ ನೋಡುವ ಈ ವಿದ್ಯೆ ಹೊಟ್ಟೆಪಾಡಾಗಿರುವ ಜಾಗ ಯಾವುದೆಂದು ಹುಡುಕಿದರೆ ದಾರಿ ಹುಣಸೂರಿಗೆ ಬರುತ್ತದೆ. ದಸರಾ ಮುಗಿದ ಮೇಲೆ, ಕೆಲವು ಊರುಗಳಲ್ಲಿ ಸೊಪ್ಪು ಒಣಗಿಸುವ ಬ್ಯಾರನ್ನುಗಳು ಇನ್ನೂ ಉರಿಯುತ್ತಿರುವಾಗ, ನಾನು ಅಲ್ಲಿಗೆ ಹೋದೆ.

ಮೈಸೂರಿನಿಂದ ಮಡಿಕೇರಿ ರಸ್ತೆಯಲ್ಲಿ ಸುಮಾರು 45 ಕಿಲೋಮೀಟರು. ಲಕ್ಷ್ಮಣತೀರ್ಥ ನದಿಯ ದಡದ ಊರು, ಒಂದು ಕಾಲಕ್ಕೆ ಮುಖ್ಯಮಂತ್ರಿ ದೇವರಾಜ ಅರಸರ ಕ್ಷೇತ್ರ. ಸುತ್ತಲಿನ ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಹಾಸನ ಜಿಲ್ಲೆಯ ಅರಕಲಗೂಡು ಕಡೆಯ ರಾಮನಾಥಪುರ, ಇಷ್ಟೂ ವರ್ಜೀನಿಯಾ ತಂಬಾಕಿನ ಸೀಮೆ. ಕೆಂಪು ಮರಳು ಮಿಶ್ರಿತ ಹಗುರ ಮಣ್ಣು, ಮಳೆಯ ನೀರು, ಈ ಎರಡರಿಂದ ಇಲ್ಲಿನ ಎಲೆಗೆ ಒಂದು ಸೌಮ್ಯ ಗುಣ ಬಂದಿದೆ. ಆಂಧ್ರದ ಚಳಿಗಾಲದ ಬೆಳೆಗಿಂತ ಇದು ಬೇರೆ. ಬೇರೆ ದೇಶಗಳ ಎಲೆಯ ಜೊತೆ ಬೆರೆಸಿದರೆ ತನ್ನ ರುಚಿಯನ್ನು ಮುಂದೆ ಮಾಡದೆ ಹೊಂದಿಕೊಳ್ಳುತ್ತದೆ ಎಂಬ ಕಾರಣಕ್ಕೆ ರಫ್ತಿನವರು ಇದನ್ನು ಬಯಸುತ್ತಾರೆ. ಮೊದಲು ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆ ಎಂದು ಹೆಸರಿದ್ದ ಸಂಸ್ಥೆಯ ಕೇಂದ್ರವೊಂದು ಹುಣಸೂರಿನಲ್ಲೇ ಇದೆ. ಹೊಲಗಳಲ್ಲಿ ಹೆಚ್ಚಾಗಿ ಕೇಳಿಬರುವ ತಳಿಯ ಹೆಸರು ಕಾಂಚನ.

ಹರಾಜು ಬಂದದ್ದು ತಡವಾಗಿ. 1975ರ ಕಾಯ್ದೆಯಂತೆ 1976ರ ಜನವರಿ 1ರಂದು ಗುಂಟೂರಿನಲ್ಲಿ ತಂಬಾಕು ಮಂಡಳಿ ಹುಟ್ಟಿತು. ಮಂಡಳಿಯ ಹರಾಜುಕಟ್ಟೆಗಳು ದೇಶದಲ್ಲಿ ಮೊದಲು ತೆರೆದದ್ದು ಕರ್ನಾಟಕದಲ್ಲೇ, 1984ರಲ್ಲಿ. ಅದಕ್ಕೆ ಮುಂಚೆ ವ್ಯಾಪಾರಿ ಹೇಳಿದ್ದೇ ದರ್ಜೆ, ಕೊಟ್ಟಾಗ ದುಡ್ಡು. ಈಗ ಯಾರು ಬೆಳೆಯಬೇಕು, ಎಷ್ಟು ಬೆಳೆಯಬೇಕು, ಯಾವ ಬ್ಯಾರನ್ನಿನಲ್ಲಿ ಬೇಯಿಸಬೇಕು ಎಂಬುದಕ್ಕೆಲ್ಲ ಲೈಸೆನ್ಸು ಉಂಟು. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕಕ್ಕೆ ಮಂಡಳಿ ನಿಗದಿ ಮಾಡುವ ಬೆಳೆಯ ಮಿತಿ ಹತ್ತು ಕೋಟಿ ಕಿಲೋ ಆಸುಪಾಸಿನಲ್ಲಿದೆ. ಲೈಸೆನ್ಸಿಲ್ಲದೆ ಬೆಳೆದವರ ಗೋಳು, ಅವರಿಗೆ ಬೀಳುವ ದಂಡ, ಪ್ರತಿ ಹಂಗಾಮಿನಲ್ಲೂ ಸುದ್ದಿ. ಅದು ಬೇರೆಯೇ ಬರಹಕ್ಕೆ ಸೇರಿದ ವಿಷಯ.

ಮೊದಲು ಇಲ್ಲಿ ಬಾಯಲ್ಲಿ ಕೂಗುವ ಹರಾಜು ನಡೆಯುತ್ತಿತ್ತು. ಈಗ ಎಲ್ಲ ಯಂತ್ರದ ಮೂಲಕ. ಖರೀದಿದಾರರು ಒತ್ತಿದ ಅಂಕಿಗಳಲ್ಲಿ ಹೆಚ್ಚಿನದು ಯಾವುದೋ ಅದೇ ಬೇಲಿನ ಬೆಲೆ. ಹಾಗಾಗಿ ಕಟ್ಟೆ ಈಗ ನಿಶ್ಶಬ್ದ. ಬೆಲೆ ಒಪ್ಪದಿದ್ದರೆ ಮಾರುವುದಿಲ್ಲ ಎಂದು ಹೇಳುವ ಹಕ್ಕು ಬೆಳೆಗಾರನಿಗೆ ಇದೆ. ಆದರೆ ಟ್ರಾಕ್ಟರ್ ಬಾಡಿಗೆ ಕೊಟ್ಟು ತಂದ ಬೇಲನ್ನು ಮತ್ತೆ ಊರಿಗೆ ಹೊತ್ತೊಯ್ಯುವುದೆಂದರೆ ಎಷ್ಟು ಕಷ್ಟ ಎಂಬುದನ್ನು ಟೊಮೆಟೊ ಬೆಳೆಯುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತಮ್ಮ ಬೇಲುಗಳ ಪಕ್ಕದಲ್ಲಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಹಿರಿಯ ಬೆಳೆಗಾರರೊಬ್ಬರನ್ನು ಮಾತಾಡಿಸಿದೆ. ಖರೀದಿದಾರರು ಹತ್ತಿರವಾಗುತ್ತಿದ್ದರೂ ಅವರು ಸಮಾಧಾನವಾಗಿ ಎಲೆಯೊಂದನ್ನು ಎಳೆದು ನನ್ನ ಅಂಗೈಯಲ್ಲಿ ಹರಡಿದರು.

"ಬಣ್ಣ ಒಂದೇ ನೋಡ್ಬ್ಯಾಡಿ ಸಾ. ಬಣ್ಣ ಯಾರಿಗಾದ್ರೂ ಕಾಣ್ತದೆ. ಮೈ ನೋಡಿ."

ಮೈ ಎಂದರೆ ಎಲೆಯ ಮೈಕಟ್ಟು. ಗಿಡದ ಬುಡದ ಎಲೆ ತೆಳುವು, ಪೇಲವ. ನಡುವಿನ ಎಲೆಗೆ ಹದವಾದ ದಪ್ಪ, ಅಗಲ, ಹೊಳಪು. ತುದಿಯ ಎಲೆ ದಪ್ಪ, ಗಡಸು, ಅದರಲ್ಲಿ ನಿಕೋಟಿನ್ ಹೆಚ್ಚು. ಬೆಳೆಗಾರ ಬುಡದಿಂದ ಶುರುಮಾಡಿ ಒಂದು ಸಲಕ್ಕೆ ಎರಡೋ ಮೂರೋ ಎಲೆ ಮುರಿಯುತ್ತಾ ವಾರವಾರ ಮೇಲಕ್ಕೆ ಹೋಗುತ್ತಾನೆ. ಆದ್ದರಿಂದ ಒಂದೇ ಗಿಡದಿಂದ ಬೇರೆಬೇರೆ ಗುಣದ ಮಾಲು ಹುಟ್ಟುತ್ತದೆ. ಬಣ್ಣ ನಿಂಬೆ ಹಳದಿಯಿಂದ ಕಿತ್ತಳೆಗೆ, ಅಲ್ಲಿಂದ ಕಂದಿಗೆ ಇಳಿಯುತ್ತದೆ. ಕಟ್ಟೆಯ ಮಾತಿನಲ್ಲಿ ಬ್ರೈಟು, ಮೀಡಿಯಂ, ಲೋ. ಎಲೆಯನ್ನು ಹಿಸುಕಿ ಬಿಡುವುದರ ಮರ್ಮವನ್ನೂ ಅವರೇ ಹೇಳಿಕೊಟ್ಟರು. ಮುಷ್ಟಿ ತೆರೆದಾಗ ಎಲೆ ಮೆಲ್ಲಗೆ ತನ್ನ ಆಕಾರಕ್ಕೆ ಮರಳಬೇಕು. ಪುಡಿಯಾದರೆ ಪಸೆ ಸಾಲದು. ಮುದ್ದೆಯಾಗಿಯೇ ಉಳಿದರೆ ಪಸೆ ಹೆಚ್ಚಾಗಿದೆ, ಗೋದಾಮಿನಲ್ಲಿ ಬೂಸ್ಟು ಹಿಡಿಯುತ್ತದೆ. ಹೆಬ್ಬೆರಳಿಗೆ ಸಣ್ಣ ಕಾಳುಕಾಳು ತಗಲಿದರೆ ಗಿಡದಲ್ಲಿ ಚೆನ್ನಾಗಿ ಮಾಗಿದ ಎಲೆ. ನುಣ್ಣಗೆ ಕಾಗದದ ಹಾಗಿದ್ದರೆ ಎಳಸು. ಎಲ್ಲಕ್ಕಿಂತ ದೊಡ್ಡ ದೋಷ ಹಸಿರು ಛಾಯೆ. ನರದ ಪಕ್ಕದಲ್ಲಿ ಒಂದು ಎಳೆಯಷ್ಟು ಹಸಿರು ಉಳಿದಿದ್ದರೂ ಹೊಗೆಯಲ್ಲಿ ಒಗರು ಬರುತ್ತದೆ. ಮೂಗು ಹುಡುಕುವುದು ಆ ಒಗರನ್ನು, ಬೂಸ್ಟನ್ನು, ಕೆಲವೊಮ್ಮೆ ಸೌದೆಯ ಹೊಗೆಯನ್ನು. ಬ್ಯಾರನ್ನಿನ ಕೊಳವೆ ಎಲ್ಲಾದರೂ ಸೋರಿದ್ದರೆ ಎಲೆ ಅದನ್ನು ಮುಚ್ಚಿಡುವುದಿಲ್ಲ.

ಈ ಎಲೆ ಸಿಗಾರಿಗೆ ಹೋಗುವುದಿಲ್ಲ, ಸಿಗರೇಟಿಗೆ ಹೋಗುತ್ತದೆ. ಗಿಡದ ಜಾತಿ ಒಂದೇ ಆದರೂ ಹದ ಮಾಡುವ ದಾರಿ ಬೇರೆ. ವರ್ಜೀನಿಯಾ ಎಲೆಯನ್ನು ಮುಚ್ಚಿದ ಬ್ಯಾರನ್ನಿನಲ್ಲಿ ಬಿಸಿಗಾಳಿ ಕೊಟ್ಟು ಕೆಲವೇ ದಿನಗಳಲ್ಲಿ ಒಣಗಿಸುತ್ತಾರೆ. ಅದರಿಂದ ಎಲೆಯಲ್ಲಿ ಸಕ್ಕರೆ ಉಳಿಯುತ್ತದೆ. ಕಟ್ಟೆಯ ಸಿಹಿ ಘಮಕ್ಕೆ ಕಾರಣ ಅದೇ. ಸಿಗಾರಿನ ಎಲೆಯನ್ನು ನೆರಳು ಗಾಳಿಯಲ್ಲಿ ವಾರಗಟ್ಟಲೆ ಒಣಗಿಸಿ, ರಾಶಿ ಹಾಕಿ, ತನ್ನ ಬಿಸಿಯಲ್ಲೇ ಹುದುಗಲು ಬಿಡುತ್ತಾರೆ. ಸಕ್ಕರೆ ಕರಗುತ್ತದೆ, ಘಾಟಾದ ಅಮೋನಿಯಾ ಹೊರಟುಹೋಗುತ್ತದೆ, ಕಂದು ಬಣ್ಣ ಬರುತ್ತದೆ. ಸಿಗಾರಿನ ಹೊಗೆ ಕ್ಷಾರೀಯವಾದ್ದರಿಂದ ಅದನ್ನು ಎದೆಗೆ ಎಳೆಯದಿದ್ದರೂ ಬಾಯಿಯ ಪೊರೆಯಿಂದಲೇ ನಿಕೋಟಿನ್ ಮೈಗೆ ಸೇರುತ್ತದೆ. ಎಳೆದು ನುಂಗುವುದಿಲ್ಲವಲ್ಲ, ಅಪಾಯವಿಲ್ಲ ಎನ್ನುವವರು ಇದನ್ನು ತಿಳಿದಿರಬೇಕು. ಬಾಯಿ, ಗಂಟಲಿನ ಕ್ಯಾನ್ಸರ್ ಸಿಗಾರಿನಿಂದಲೂ ಬರುತ್ತದೆ, ಚುಟ್ಟದಿಂದಲೂ ಬರುತ್ತದೆ.

ಆದರೆ ಎಲೆ ನೋಡುವ ಕ್ರಮ ಎರಡು ಕಡೆಯೂ ಒಂದೇ. ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತ್ಯದ ವುಯೆಲ್ತಾ ಅಬಾಹೊ ಸೀಮೆಯವರೂ ಗಿಡವನ್ನು ಬುಡ, ನಡು, ತುದಿ ಎಂದು ಪಾಲು ಮಾಡುತ್ತಾರೆ. ಬುಡದ್ದು ವೊಲಾದೊ, ಅದು ಉರಿ ಹಿಡಿಯುವುದಕ್ಕೆ. ನಡುವಿನದು ಸೆಕೊ, ಪರಿಮಳಕ್ಕೆ. ತುದಿಯದು ಲಿಹೆರೊ, ಕಸುವಿಗೆ. ಹೊರಗಿನ ಹೊದಿಕೆಯ ಎಲೆಗೆ ಹೊಲದ ಮೇಲೆಯೇ ಬಟ್ಟೆಯ ಚಪ್ಪರ. ಕಾರ್ಖಾನೆಗಳಲ್ಲಿ ಸುತ್ತಿದ ಮಾಲನ್ನು ಸೇದಿ ಪರೀಕ್ಷಿಸುವುದೇ ಕೆಲಸವಾದವರಿದ್ದಾರೆ. ಅಲ್ಲಿ ಎಲೆ ವಿಂಗಡಿಸುವ, ನಡುನರ ಬಿಡಿಸುವ ಕೆಲಸ ತಲೆಮಾರುಗಳಿಂದ ಹೆಚ್ಚಾಗಿ ಹೆಂಗಸರದು. 1865ರಿಂದ ಹವಾನಾದ ಕಾರ್ಖಾನೆಗಳಲ್ಲಿ, ಸುತ್ತುವವರು ಕೂತು ಕೆಲಸ ಮಾಡುವಾಗ ಒಬ್ಬರು ಎತ್ತರದ ಪೀಠದ ಮೇಲೆ ಪತ್ರಿಕೆ, ಕಾದಂಬರಿ ಓದಿಹೇಳುವ ಪದ್ಧತಿ ಬಂತು. ಕಸುಬುದಾರರಿಗೆ ಸಿಕ್ಕ ಆ ಮರ್ಯಾದೆ ನನಗೆ ಬಹಳ ಇಷ್ಟ. ಹುಣಸೂರಿನ ಹಳ್ಳಿಗೆ ಹೋದಾಗ ಅದು ಮತ್ತೆಮತ್ತೆ ನೆನಪಾಯಿತು.

ಹರಾಜುಕಟ್ಟೆಯಲ್ಲಿ ಕಂಡದ್ದು ಮುಗಿದ ಕೆಲಸ. ಅದು ಆಗುವ ಜಾಗ ನೋಡಬೇಕಾದರೆ ಊರೊಳಕ್ಕೆ ಹೋಗಬೇಕು. ಆ ಹಿರಿಯರೇ ತಮ್ಮ ಊರಿಗೆ ಕರೆದುಕೊಂಡು ಹೋದರು. ರಸ್ತೆಯ ಎರಡೂ ಕಡೆ ಮನೆಗಳ ಪಕ್ಕದಲ್ಲಿ ಕಿಟಕಿಯಿಲ್ಲದ ಎತ್ತರದ ಗೂಡುಗಳು. ಅವೇ ಬ್ಯಾರನ್ನುಗಳು. ಒಲೆಯ ಬಾಯಿ ಗೋಡೆಯ ಹೊರಗೆ. ಒಳಗೆ ನೆಲದ ಮೇಲೆ ಸುತ್ತಾಡುವ ಕಬ್ಬಿಣದ ತಗಡಿನ ಕೊಳವೆಗಳು. ಬೆಂಕಿಯ ಬಿಸಿ ಮಾತ್ರ ಒಳಗೆ, ಹೊಗೆ ಕೊಳವೆಯಲ್ಲೇ ಹೊರಕ್ಕೆ. ಕೋಲಿಗೆ ಎರಡೂ ಕಡೆ ಜೋಡಿಸಿ ಕಟ್ಟಿದ ಎಲೆಗಳನ್ನು ನೆತ್ತಿಯವರೆಗೆ ಅಂತಸ್ತು ಅಂತಸ್ತಾಗಿ ತೂಗುಹಾಕುತ್ತಾರೆ. ಆಮೇಲೆ ಐದಾರು ದಿನ ಹಗಲೂ ರಾತ್ರಿ ಒಲೆಯ ಮುಂದೆ ಯಾರಾದರೂ ಇರಲೇಬೇಕು.

ಇಡೀ ಬದುಕಿನ ಪಾಠ ಮೊದಲ ಎರಡು ದಿನದಲ್ಲಿದೆ. ಬಿಸಿ 32ರಿಂದ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಒಳಗೆ ಪಸೆ ತುಂಬಿರಬೇಕು. ಕಿತ್ತ ಎಲೆಗೆ ಆಗಲೂ ಜೀವ ಇರುತ್ತದೆ. ಹಸಿರು ಒಡೆದು ಹಳದಿಯಾಗುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ. ಅವಸರಪಟ್ಟು ಬಿಸಿ ಏರಿಸಿದರೆ ಎಲೆ ಅಲ್ಲೇ ಸತ್ತು ಹಸಿರು ಒಳಗೇ ಉಳಿಯುತ್ತದೆ. ಮತ್ತೆ ಯಾವ ಉಪಾಯದಿಂದಲೂ ಹೋಗುವುದಿಲ್ಲ. ತಡಮಾಡಿದರೆ ಹಳದಿ ದಾಟಿ ಕಂದಾಗುತ್ತದೆ. ಸರಿಯಾದ ಗಳಿಗೆಯಲ್ಲಿ ಗಾಳಿಕಿಂಡಿ ತೆರೆದು, ಬಿಸಿ ಏರಿಸಿ ಬಣ್ಣ ನಿಲ್ಲಿಸಬೇಕು. ಆಮೇಲೆ ಎಲೆ ಒಣಗಿಸುವುದು, ಕೊನೆಗೆ 70 ಡಿಗ್ರಿಯ ಹತ್ತಿರ ನಡುನರ ಒಣಗಿಸುವುದು. ಅದನ್ನೂ ಮೀರಿದರೆ ಸಕ್ಕರೆ ಕರಕಾಗಿ ಎಲೆ ಕೆಂಪಾಗುತ್ತದೆ. ಒಂದು ಕಿಲೋ ಹದವಾದ ಸೊಪ್ಪಿಗೆ ನಾಲ್ಕೈದು ಕಿಲೋ ಸೌದೆ ಬೇಕು. ಈ ಸೀಮೆಯ ಮರಗಳಿಗೆ ಬಿದ್ದ ಹೊರೆಯನ್ನು ಈ ಒಂದು ಲೆಕ್ಕದಿಂದಲೇ ಊಹಿಸಬಹುದು.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಬ್ಯಾರನ್ನಲ್ಲ, ಅದರ ಪಕ್ಕದ ಗ್ರೇಡಿಂಗ್ ಶೆಡ್ಡು. ಬ್ಯಾರನ್ನಿನಿಂದ ಇಳಿಸಿದ ಎಲೆ ಮುಟ್ಟಿದರೆ ಒಡೆಯುವಷ್ಟು ಗರಿಗರಿಯಾಗಿರುತ್ತದೆ. ಬಾಗಿಲು ತೆರೆದಿಟ್ಟು ರಾತ್ರಿಯ ತಂಪು ಕುಡಿಸಿ, ಮೆತ್ತಗಾದ ಮೇಲೆ ರಾಶಿ ಒಟ್ಟುತ್ತಾರೆ. ಆ ರಾಶಿಯ ಸುತ್ತ ಹೆಂಗಸರು ಕೂತಿದ್ದರು. ಮನೆಯ ಅತ್ತೆ, ಸೊಸೆ, ಜೊತೆಗೆ ಕೂಲಿಗೆ ಬಂದ ಅಕ್ಕಪಕ್ಕದವರು. ಎಲ್ಲರೂ ಬಾಗಿಲ ಬೆಳಕಿಗೆ ಮುಖ ಮಾಡಿದ್ದರು. ಟ್ಯೂಬ್‌ಲೈಟಿನಲ್ಲಿ ಬಣ್ಣ ಮೋಸ ಮಾಡುತ್ತದೆ, ಬಿಸಿಲಿಗೆ ನೇರ ಹಿಡಿದರೂ ಮೋಸ. ತಣ್ಣನೆಯ ಹಗಲು ಬೆಳಕೇ ಬೇಕು. ಎಡಗೈ ರಾಶಿಯಿಂದ ಎಲೆ ಎತ್ತುತ್ತದೆ, ಬಲಗೈ ಬಿಡಿಸಿ ಒಮ್ಮೆ ತಿರುಗಿಸಿ, ಆರೇಳು ಗುಪ್ಪೆಗಳಲ್ಲಿ ಒಂದಕ್ಕೆ ಹಾಕುತ್ತದೆ. ಮಾತು ನಿಲ್ಲುವುದಿಲ್ಲ, ಕೈಯೂ ನಿಲ್ಲುವುದಿಲ್ಲ.

ಅವರಲ್ಲಿ ಹಿರಿಯವರನ್ನು ಕೇಳಿದೆ. "ಅವ್ವ, ಈ ಎರಡು ಎಲೆ ನನಗೆ ಒಂದೇ ತರ ಕಾಣ್ತವೆ. ಬೇರೆ ಬೇರೆ ಯಾಕೆ ಹಾಕಿದ್ರಿ?"

"ಕೈಗೆ ಕೊಡು ನೋಡಾನ," ಅಂದು ಎರಡನ್ನೂ ತೆಗೆದುಕೊಂಡರು. "ಇದು ನಡುಗಿಡದ್ದು ಕಣಪ್ಪ, ಹಿಂಗೆ ಹಿಡಿದ್ರೆ ಕೈಗೆ ಭಾರ ಬತ್ತದೆ. ಇದು ಕೆಳಗಲದು, ಬಣ್ಣ ಮಾತ್ರ ಬಂದದೆ." ಮತ್ತೊಂದು ಎಲೆ ಎತ್ತಿ ನರದ ಪಕ್ಕದ ಕಂದು ಮಚ್ಚೆ ತೋರಿಸಿದರು. "ಇಗಾ, ಬಣ್ಣ ನಿಲ್ಸೋ ಹೊತ್ನಲ್ಲಿ ಒಲೆ ತಣ್ಣಗಾಗದೆ. ಬೆಂಕಿ ಹಾಕೋನು ನಿದ್ದೆ ಹೊಡ್ದವ್ನೆ ಆವತ್ತು."

ಪಕ್ಕದಲ್ಲಿದ್ದ ಅವರ ಮಗ ತಲೆ ತಗ್ಗಿಸಿ ನಕ್ಕ.

ಅವರು ಆ ಎಲೆಯನ್ನು ಹಿಂದುಹಿಂದಕ್ಕೆ ಓದುತ್ತಿದ್ದರು. ಗಿಡದ ಯಾವ ಅಂತಸ್ತಿನದು, ಮಾಗಿತ್ತೋ ಎಳಸೋ, ಬ್ಯಾರನ್ನಿನಲ್ಲಿ ಮೇಲೆ ತೂಗಿತ್ತೋ ಕೆಳಗೋ, ಎಷ್ಟನೆಯ ದಿನ ಏನಾಯಿತು, ಎಲ್ಲವೂ ಒಂದು ಎಲೆಯಲ್ಲಿ. ಕಂಪನಿಯ ಖರೀದಿದಾರರು ಕಟ್ಟೆಯಲ್ಲಿ ಕ್ಷಣದಲ್ಲಿ ಬೆಲೆ ಒತ್ತಬಲ್ಲರೆಂದರೆ, ಬೇಲಿನೊಳಗೆ ಒಂದೇ ಗುಣದ ಎಲೆ ಇದೆ ಎಂಬ ಭರವಸೆಯಿಂದ. ಆ ಭರವಸೆಯನ್ನು ಕಟ್ಟಿದ್ದು ಈ ಹೆಂಗಸರ ಬೆರಳುಗಳು. ಒಳ್ಳೆಯ ಎಲೆಯ ನಡುವೆ ಕೆಟ್ಟದ್ದು ನಾಲ್ಕು ಸಿಕ್ಕಿದರೆ ಇಡೀ ಬೇಲು ಕೆಳಗಿನ ದರ್ಜೆಗೆ ಬೀಳುತ್ತದೆ. ಗೋಣಿಯ ನಾರು, ಕೋಳಿ ಪುಕ್ಕ, ಪ್ಲಾಸ್ಟಿಕ್ ದಾರದ ತುಂಡು ಸಿಕ್ಕಿದರಂತೂ ಹೊರದೇಶದ ಖರೀದಿದಾರರು ಸಹಿಸುವುದಿಲ್ಲ. ಅದನ್ನೆಲ್ಲ ಹೆಕ್ಕಿ ತೆಗೆಯುವವರೂ ಇವರೇ. ಹರಾಜಿನ ದಿನ ಕಟ್ಟೆಯಲ್ಲಿ ಎಲೆ ಮುಟ್ಟುತ್ತಿದ್ದವರೆಲ್ಲ ಗಂಡಸರು. ಊರಿನ ಶೆಡ್ಡಿನಲ್ಲಿ ಅದಕ್ಕೆ ಮುಂಚೆಯೇ ತೀರ್ಪು ಬರೆದವರು ಹೆಂಗಸರು. ಸಿಗಾರಿನ ಪಂಡಿತರಿಗೆ ಸಿಗುವ ಹೆಸರಿನಲ್ಲಿ ಒಂದು ಪಾಲು ನ್ಯಾಯವಾಗಿ ಇಂಥ ಕೈಗಳಿಗೆ ಸೇರಬೇಕು ಎಂದು ನನಗೆ ಅನ್ನಿಸಿತು. ಕೂಲಿಗೆ ಬಂದ ಹೆಂಗಸರಿಗೆ ಸಿಗುವುದು ಮಾತ್ರ ದಿನಗೂಲಿ. ಎಷ್ಟು ಚೆನ್ನಾಗಿ ವಿಂಗಡಿಸಿದರೂ ಎಲೆ ಕಟ್ಟುವ ಹೊಸ ಹುಡುಗಿಗೂ ಅವರಿಗೂ ಅದೇ ಕೂಲಿ ಎಂದು ಅಲ್ಲಿ ಕೂತವರೇ ಹೇಳಿದರು.

ಶೆಡ್ಡಿನ ಗಾಳಿಯಲ್ಲಿ ಸಣ್ಣ ದೂಳು ತೇಲುತ್ತಿತ್ತು. ಅರ್ಧ ಗಂಟೆಯಲ್ಲಿ ನನಗೆ ಗಂಟಲು ಕೆರೆಯಿತು, ಸೀನು ಬಂತು. ಅವರು ಸೆರಗನ್ನು ಮೂಗಿಗೆ ಸುತ್ತಿಕೊಂಡಿದ್ದರು, ಬೇರೇನೂ ಇರಲಿಲ್ಲ. ಹಸಿ ಎಲೆ ಮುರಿಯುವಾಗಿನ ತೊಂದರೆ ಇದಕ್ಕಿಂತ ಹೆಚ್ಚು. ಇಬ್ಬನಿಯಿಂದ, ಮಳೆಯಿಂದ ಒದ್ದೆಯಾದ ಎಲೆಯ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ತಲೆಸುತ್ತು, ವಾಂತಿ, ಸುಸ್ತು. ಜಗತ್ತಿನ ತಂಬಾಕು ಸೀಮೆಗಳಲ್ಲೆಲ್ಲ ಗೊತ್ತಿರುವ ಕಾಯಿಲೆ ಇದು. ಕೈಗವಸು, ಉದ್ದ ತೋಳಿನ ಅಂಗಿ, ಒದ್ದೆ ಆರಿದ ಮೇಲೆ ಎಲೆ ಮುರಿಯುವುದು, ಇಷ್ಟರಿಂದಲೇ ಬಹುಪಾಲು ತಡೆಯಬಹುದು.

ಇಷ್ಟು ಕುಶಲ ಕೈಗಳ ಶ್ರಮ ಕೊನೆಗೆ ಸೇರುವುದು ಎಲ್ಲಿಗೆ ಎಂಬ ಪ್ರಶ್ನೆಯನ್ನು ನಾನು ಬದಿಗಿಡಲಾರೆ. ತಂಬಾಕಿನಿಂದ ಭಾರತದಲ್ಲಿ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2004ರಲ್ಲೇ ಸೇರಿತು. ಬೆಳೆಗಾರರಿಗೆ, ಕೂಲಿಕಾರರಿಗೆ ಬೇರೆ ಬದುಕಿನ ದಾರಿ ತೋರಿಸಬೇಕೆಂಬ ಮಾತೂ ಆ ಒಪ್ಪಂದದಲ್ಲಿದೆ. ಹುಣಸೂರಿನ ಬೆಳೆಗಾರರನ್ನು ಕೇಳಿದರೆ ಅವರ ಉತ್ತರ ನೇರ. ಮಳೆ ನಂಬಿದ ಹಗುರ ಮಣ್ಣಿನಲ್ಲಿ, ಹರಾಜು ಎಂಬ ಗಟ್ಟಿ ವ್ಯವಸ್ಥೆಯಿರುವ, ದುಡ್ಡು ಬ್ಯಾಂಕಿಗೇ ಬರುವ ಇನ್ನೊಂದು ಬೆಳೆ ತೋರಿಸಿ, ಬಿಡುತ್ತೇವೆ. ಟೊಮೆಟೊವನ್ನು ರಸ್ತೆಗೆ ಸುರಿದ ವರ್ಷಗಳನ್ನು ಕಂಡಿರುವ ಕೋಲಾರದವನಾಗಿ ನನಗೆ ಆ ಮಾತಿನ ತೂಕ ಗೊತ್ತಾಗುತ್ತದೆ. ತಂಬಾಕಿಗೆ ಕಟ್ಟಿಕೊಟ್ಟಷ್ಟು ಶಿಸ್ತಿನ ಮಾರುಕಟ್ಟೆಯನ್ನು ನಾವು ರಾಗಿಗೆ, ಕಾಳಿಗೆ, ಹಣ್ಣಿಗೆ ಕಟ್ಟಿಕೊಟ್ಟಿಲ್ಲ.

ನೋಡಬೇಕೆನ್ನುವವರು ಹಂಗಾಮಿನಲ್ಲಿ ಹೋಗಬೇಕು. ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿಗೆ ಶುರುವಾಗುವ ಹರಾಜು ಮುಂದಿನ ವರ್ಷದ ಫೆಬ್ರುವರಿ, ಮಾರ್ಚಿನವರೆಗೆ ನಡೆಯುತ್ತದೆ. ಕಟ್ಟೆಯ ಹರಾಜು ಅಧೀಕ್ಷಕರ ಕಚೇರಿಯಲ್ಲಿ ಕೇಳಿಕೊಂಡು ಬೆಳಗ್ಗೆಯೇ ಒಳಗೆ ಹೋಗಿ. ಆದರೆ ಅಷ್ಟಕ್ಕೇ ಹಿಂದಿರುಗಬೇಡಿ. ಯಾರಾದರೂ ಬೆಳೆಗಾರರ ಜೊತೆ ಊರಿಗೆ ಹೋಗಿ ಗ್ರೇಡಿಂಗ್ ಶೆಡ್ಡಿನಲ್ಲಿ ಕೂತು ಬನ್ನಿ.

ಮಂಡಳಿಯ ದಾಖಲೆಯಲ್ಲಿ ಬೆಳೆಗಾರರ ಹೆಸರಿದೆ, ಬ್ಯಾರನ್ನಿನ ಲೈಸೆನ್ಸಿದೆ, ಖರೀದಿದಾರರ ನೋಂದಣಿಯಿದೆ. ಎಲೆಯ ಗುಣ ಬಲ್ಲ ಹೆಂಗಸರಿಗೂ ಒಂದು ನೋಂದಣಿ, ಕುಶಲ ಕೆಲಸಕ್ಕೆ ತಕ್ಕ ಕೂಲಿ, ಮುಖಕ್ಕೆ ಮಾಸ್ಕು, ಕೈಗೆ ಗವಸು, ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ ಬೇಕು. ಮುಂದಿನ ಹಂಗಾಮಿನ ಬ್ಯಾರನ್ನು ಹತ್ತುವುದಕ್ಕೆ ಮುಂಚೆ ಮಂಡಳಿಯೂ ಎಲೆ ಕೊಳ್ಳುವ ಕಂಪನಿಗಳೂ ಕೂತು ಇದನ್ನು ತೀರ್ಮಾನಿಸಬೇಕು.